ಗೆರೆ ಸಿಗದ ಹಾಡುಗಾರ್ತಿ

ಕುಮಟಾದಿಂದ ಯಾಣಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ ಯಾರು ಯಾರ ಜೊತೆ ಹಾಡುತ್ತಾರೆ ಎಂದು ನಕ್ಷೆ ಮಾಡಲು ಹೊರಟಿದ್ದೆ. ನಾನು ಹೊನ್ನಾವರದವಳು, ಕುಮಟಾದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹಾಡುಗಳನ್ನು ಬರೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹಾಡು ಒಬ್ಬರಿಂದ ಒಬ್ಬರಿಗೆ ಹೋದ ದಾರಿಯನ್ನು ನಾನೇ ಮೊದಲು ಬರೆಯುತ್ತಿದ್ದೇನೆ ಎಂಬ ಜಂಬ ನನಗಿತ್ತು. ಕಾಲೇಜಿನ ಪುಸ್ತಕದಲ್ಲಿ ಆ ನಕ್ಷೆ ಅಚ್ಚಾಗುವುದಿತ್ತು.

ಅಲ್ಲಿಯ ಹೆಂಗಸರು ಜೋಡಿಯಾಗಿ ಹಾಡುತ್ತಾರೆ. ಇಬ್ಬರು ಒಂದು ಸೊಲ್ಲು ಹೇಳಿದರೆ ಎದುರಿನ ಇಬ್ಬರು ಅದನ್ನೇ ಮತ್ತೆ ಹೇಳಬೇಕು. ಹಾಗಾಗಿ ನನ್ನ ಕೆಲಸ ಸಲೀಸು ಅಂದುಕೊಂಡೆ. ಮನೆಮನೆಗೆ ಹೋಗಿ, ಮದುವೆಮನೆಯಲ್ಲಿ ನಿಮ್ಮ ಜೊತೆ ಹಾಡುವವರು ಯಾರು ಎಂದು ಕೇಳಿ ಬರೆದುಕೊಂಡೆ. ಕಂಪ್ಯೂಟರ್ ಕಲಿಸುವ ನನ್ನ ಸಹೋದ್ಯೋಗಿ ಒಬ್ಬೊಬ್ಬರಿಗೂ ಒಂದು ಸೊನ್ನೆ, ಒಂದೊಂದು ಉತ್ತರಕ್ಕೂ ಒಂದು ಗೆರೆ ಹಾಕಿ ಕೊಟ್ಟರು. ನಮ್ಮೂರ ಹತ್ತಿರದ ಕಾಸರಕೋಡಿನ ಕಡಲದಂಡೆಯಲ್ಲಿ ಹರವಿಟ್ಟ ಮೀನುಬಲೆಯ ಹಾಗೆ ಕಂಡಿತು. ನನಗೆ ಖುಷಿಯೋ ಖುಷಿ.

ಒಂದು ಸೊನ್ನೆಗೆ ಮಾತ್ರ ಗೆರೆಯೇ ಇರಲಿಲ್ಲ. ಅದು ಊರ ಕೊನೆಯ ಮನೆಯ ಅಜ್ಜಿ. ಬದುಕೆಲ್ಲ ಬೇರೆಯವರ ಗದ್ದೆಯಲ್ಲಿ ಕೂಲಿಗೆ ನಟ್ಟಿ ಮಾಡಿದವಳು. ಚೆನ್ನಾಗಿ ಹಾಡುತ್ತಾಳೆಂದು ನಾನೇ ಕೇಳಿ ಬಲ್ಲೆ. ಆದರೆ ಅವಳ ಹೆಸರನ್ನು ಯಾರೂ ಹೇಳಿರಲಿಲ್ಲ. ಅವಳನ್ನು ಕೇಳಿದರೆ ಅವಳೂ "ಯಾರೂ ಇಲ್ಲ" ಅಂದಿದ್ದಳು.

"ಇದನ್ನ ತೆಗೆದುಬಿಡುವ ಮೇಡಂ. ಯಾರಿಗೂ ಸಂಬಂಧ ಇಲ್ಲದ್ದು ನಕ್ಷೆಯಲ್ಲಿ ಎಂತಕೆ?" ಎಂದರು ಸಹೋದ್ಯೋಗಿ.

"ಆತು" ಅಂದೆ. ಪುಟ ಚೆಂದ ಕಾಣಲಿ ಎಂದು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅಚ್ಚಿಗೆ ಕೊಡುವ ಮೊದಲು ಊರವರಿಗೆ ತೋರಿಸಬೇಕು ಎಂಬ ಬುದ್ಧಿಯಾದರೂ ಉಳಿದಿತ್ತು, ಪುಣ್ಯ. ಅಜ್ಜಿಯ ಸೊನ್ನೆಯನ್ನು ಇನ್ನೂ ತೆಗೆಯದ ಪ್ರತಿಯನ್ನು ಒಯ್ದೆ. ಮಧ್ಯಾಹ್ನ ಅಜ್ಜಿಯ ನೆರೆಮನೆಯ ಅಂಗಳದಲ್ಲಿ ಹೆಂಗಸರೆಲ್ಲ ಸೇರಿ, ತಮ್ಮ ತಮ್ಮ ಸೊನ್ನೆ ಹುಡುಕಿ ನಕ್ಕಿದ್ದೇ ನಕ್ಕಿದ್ದು.

"ನಾ ಎಲ್ಲಿದ್ದೆ, ಅಕ್ಕೋರೆ?" ಎಂದು ಅಜ್ಜಿ ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಸುತ್ತ ಯಾರೂ ಇಲ್ವಲಾ" ಅಂದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳಂತೆ, "ಸಮಾ ಬರದೀರಿ. ಗಂಡ ಹೋದಮೇಲೆ ನಾ ಚಪ್ಪರದಲ್ಲಿ ಕೂತು ಹಾಡ್ಲಿಲ್ಲ" ಅಂದಳು.

ನನ್ನ ಮುಖಕ್ಕೆ ಹೊಡೆದಂತಾಯಿತು. ಗಂಡ ಸತ್ತವಳು ಮದುವೆಯ ಹಾಡಿಗೆ ಕೂರುವುದಿಲ್ಲ ಎಂಬುದು ಇದೇ ಕರಾವಳಿಯಲ್ಲಿ ಬೆಳೆದ ನನಗೆ ಗೊತ್ತಿಲ್ಲದ ಸಂಗತಿಯೇ? ನಾನು ಕೇಳಿದ್ದು ಚಪ್ಪರದ ಪ್ರಶ್ನೆ, ಹಾಗಾಗಿ ಸಿಕ್ಕಿದ್ದೂ ಚಪ್ಪರದೊಳಗಿನ ಉತ್ತರ. ದಾಖಲೆಯಲ್ಲಿ ಹೆಸರಿಲ್ಲದವರನ್ನು ಮರೆಯಬೇಡಿ ಎಂದು ವರ್ಷವಿಡೀ ಮಕ್ಕಳಿಗೆ ಪಾಠ ಹೇಳುವ ನಾನು, ಕೈಯಾರೆ ಅಂಥದೇ ದಾಖಲೆ ಮಾಡಿಕೊಂಡು ಬಂದಿದ್ದೆ.

ಅಜ್ಜಿಯನ್ನು ಅತ್ತೆ ಎಂದೇ ಕರೆಯುವ ನೆರೆಮನೆಯ ಹೆಂಗಸಿಗೆ ಸಿಟ್ಟೇ ಬಂತು. "ಇದೆಂತ ಚಿತ್ರ? ಅತ್ತೇನ ಹೀಂಗೆ ಮೂಲೆಗೆ ಕೂರ್ಸುದಾ?"

ನಾನು ಪ್ರಶ್ನೆಗಳ ಹಾಳೆಯನ್ನು ಚೀಲಕ್ಕೆ ತುರುಕಿದೆ. ಏನೋ ತೋಚಿ, "ಹಾಡು ಮರೆತುಹೋದ್ರೆ ಯಾರನ್ನ ಕೇಳ್ತೀರಿ?" ಎಂದೆ.

"ಮತ್ಯಾರನ್ನ? ಅತ್ತೇನೇ" ಎಂದಳು ಅವಳು. ಉಳಿದವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಮದುವೆಯ ಹಿಂದಿನ ದಿನ ಎಲ್ಲರೂ ಅಜ್ಜಿಯ ಹಿತ್ತಿಲಲ್ಲಿ ಕೂತು ಹಾಡು ಹೇಳಿಸಿಕೊಳ್ಳುತ್ತಿದ್ದರಂತೆ. ಹಾಡು ನಡುವೆ ನಿಂತುಹೋದರೆ ಒಬ್ಬಳು ಚಪ್ಪರದಿಂದ ಎದ್ದು, ಹಿಂದುಗಡೆ ತರಕಾರಿ ಹೆಚ್ಚುತ್ತ ಕೂತ ಅಜ್ಜಿಯಿಂದ ಮುಂದಿನ ಸೊಲ್ಲು ಕೇಳಿಕೊಂಡು ಓಡಿ ಬರುತ್ತಿದ್ದಳಂತೆ. ಪೆನ್ಸಿಲ್ ತೆಗೆದು ಗೆರೆ ಎಳೆದೆ. ಎಳೆದಷ್ಟೂ ಮುಗಿಯಲಿಲ್ಲ. ಪುಟ ಗಲೀಜಾಯಿತು, ನನಗೆ ಮಾತ್ರ ಹಾಡುವಷ್ಟು ಸಂತೋಷವಾಯಿತು.

ಅಜ್ಜಿ ಗೆರೆಗಳನ್ನು ನೋಡುತ್ತಿರಲಿಲ್ಲ. "ಈಗ ನಂಗೇ ಮರ್ತು ಹೋಗ್ತದೆ. ನಾ ಯಾರನ್ನ ಕೇಳೂದು?" ಎಂದಳು.

"ನನ್ನ ಕೇಳು" ಎಂದಳು ನೆರೆಮನೆಯವಳು. "ಬಪ್ಪ ತಿಂಗಳು ನಮ್ಮನೇಲಿ ಮದ್ವೆ ಅಲ್ದಾ? ನೀ ಚಪ್ಪರದಲ್ಲಿ ನನ್ನ ಜೋಡಿ ಕೂರೂದು."

ಅಜ್ಜಿ ಸುತ್ತ ಕೂತವರ ಮುಖ ನೋಡಿದಳು.

"ಯಾರಾದ್ರೂ ಎಂತಾದ್ರೂ ಅಂದ್ರೆ?"

"ಅನ್ಲಿ. ಮದ್ವೆ ನನ್ನ ಮಗಳದ್ದು."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಟಲು ಸರಿಮಾಡಿಕೊಂಡು, "ಹಾಂಗಾರೆ ಇವತ್ತೇ ಕೂತ್ಕಳ್ಳುವ. ನೀ ಎರಡನೇ ಸೊಲ್ಲಲ್ಲಿ ಯಾವಾಗ್ಲೂ ತಪ್ತೆ" ಅಂದಳು.