‘ಸ್ವೆಲ್’ ಎಂದ ವರ

ನಾಳೆ ಅರ್ಧ ಸೇರು ಹೆಚ್ಚಿಗೆ ಬೇಕು ಎಂದದ್ದಕ್ಕೆ ಇವತ್ತು ಬೆಳಿಗ್ಗೆ ಹಾಲಿನವಳು “ಓಕೆ ಕಣಮ್ಮ” ಎಂದು ಚೆಂಬು ಎತ್ತಿಕೊಂಡು ಹೋದಳು. ಆ ಮಾತು ಈಗ ಮದ್ದೂರಿನ ಸಂತೆಯಲ್ಲಿ ಸೊಪ್ಪಿನವರ ಬಾಯಲ್ಲೂ ಇದೆ. ನೀವೂ ದಿನಕ್ಕೆ ಹತ್ತು ಸಲ ಅನ್ನುತ್ತಿರಬಹುದು. ನನಗೆ ಮಾತ್ರ ಅದು ಕಿವಿಗೆ ಬಿದ್ದರೆ ಎದೆ ಒಂದು ಸಲ ಧಸಕ್ಕೆನ್ನುತ್ತದೆ. ಅಂಥ ಒಂದೆರಡು ಮಾತಿನಿಂದ ನಮ್ಮ ಮನೆಯಲ್ಲಿ ಒಂದು ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ಎರಡನೇ ಮಹಾಯುದ್ಧದ ಕೊನೆಕೊನೆಯ ಕಾಲ. ನಾನು ಈ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಮಾವನವರು ಇಂಗ್ಲಿಷ್ ಮೇಷ್ಟರಾಗಿದ್ದು ನಿವೃತ್ತರಾದವರು. ಹಿಂದೆ ಯಾರೋ ಇಂಗ್ಲೆಂಡಿನ ಇನ್ಸ್‌ಪೆಕ್ಟರು ಅವರ ಪಾಠ ಕೇಳಿ “ರಿಪ್ಪಿಂಗ್, ಓಲ್ಡ್ ಚ್ಯಾಪ್!” ಎಂದು ಬೆನ್ನು ತಟ್ಟಿದ್ದರಂತೆ. ಅವತ್ತಿನಿಂದ ಸಾರು ರುಚಿಯಾದರೆ ರಿಪ್ಪಿಂಗ್, ಮಳೆ ಬಂದರೆ ರಿಪ್ಪಿಂಗ್. ನಾನು ಮಾಡಿದ ಗೊಜ್ಜಿಗೆ ಆ ಭಾಗ್ಯ ಬರಲಿಲ್ಲ, ಬಿಡಿ.

ಮಗಳು ಶಾರದೆಯನ್ನು ನೋಡಲು ಬಂದ ವರಗಳಿಗೆಲ್ಲ ಅವರದೊಂದು ಪರೀಕ್ಷೆ: ಇಂಗ್ಲಿಷಿನಲ್ಲಿ ಸಂಭಾಷಣೆ. ಇಬ್ಬರು ಆಗಲೇ ಫೇಲಾಗಿ ಹೋಗಿದ್ದರು. ಮೂರನೆಯವನು ಮಳವಳ್ಳಿಯ ವೆಂಕಟೇಶ. ಬೆಂಗಳೂರಿನಲ್ಲಿ ಅಮೆರಿಕದ ಸಿಪಾಯಿಗಳ ಉಗ್ರಾಣದಲ್ಲಿ ಗುಮಾಸ್ತ. ಜೊತೆಗೆ ಸೋದರಮಾವನನ್ನು ಕರೆತಂದಿದ್ದ. ಶಾರದೆ ಅಡಿಗೆಮನೆಯ ಬಾಗಿಲ ಸಂದಿಯಿಂದ ಅವನನ್ನು ನೋಡಿದವಳೇ ನನ್ನ ತೋಳು ಹಿಂಡಿದಳು.

“ಅತ್ತಿಗೆ, ಇವರನ್ನೂ ಅಪ್ಪ ಫೇಲು ಮಾಡಿದರೆ ಆ ಗ್ರಾಮರ್ ಪುಸ್ತಕ ಒಲೆಗೆ ಹಾಕ್ತೀನಿ, ನೋಡ್ತಿರಿ.”

ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಪ್ರಯಾಣ ಹೇಗಿತ್ತು ಎಂದು ಮಾವನವರು ಇಂಗ್ಲಿಷಿನಲ್ಲಿ ಕೇಳಿದರು. “ಸ್ವೆಲ್!” ಎಂದ ವೆಂಕಟೇಶ. ಇನ್ನೊಂದು ಲೋಟ ಕಾಫಿ ತರಿಸಲೇ ಎಂದರೆ “ಓಕೆ!”

ಮಾವನವರು ಕನ್ನಡಕ ತೆಗೆದರು. ಶಾಲೆಯಲ್ಲಿ ಅದು ಕೆಂಪು ಶಾಯಿಗೆ ಕೈಹಾಕುವ ಮುಂಚಿನ ಲಕ್ಷಣವಾಗಿತ್ತಂತೆ.

“ಸ್ವೆಲ್ ಅಂದ್ರೆ ಊದಿಕೊಳ್ಳೋದು. ಊದಿಕೊಂಡಿದ್ದು ಹೇಗಪ್ಪ ಚೆನ್ನಾಗಿರುತ್ತೆ?”

“ಅಮೆರಿಕದೋರು ಹಾಗೇ ಅಂತಾರೆ ಸಾರ್. ತಾವು ಏನಂತೀರಿ?”

“ರಿಪ್ಪಿಂಗ್!”

“ಅದು ಹರಿಯೋದಲ್ವಾ ಸಾರ್? ಹರಿದದ್ದು ಚೆನ್ನಾಗಿರುತ್ತಾ?”

ಸೋದರಮಾವ ಅವನ ಅಂಗಿಯ ತುದಿ ಜಗ್ಗಿದರು. ಶಾರದೆ ಕಣ್ಣು ಮುಚ್ಚಿಕೊಂಡಳು. ಮಾವನವರು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಗೆಳೆಯನನ್ನು ಏನನ್ನುತ್ತಾರೆ? ಇವರು ಚ್ಯಾಪ್ ಎಂದರೆ ಅವನು ಗೈ. ಊಟಕ್ಕೆ? ಇವರದು ಗ್ರಬ್, ಅವನದು ಚೌ. ಹೊರಡುವಾಗ ಇಲ್ಲಿ ಚೀರಿಯೋ, ಅಲ್ಲಿ ಸೋ ಲಾಂಗ್. ದನಿ ಏರಿ ಬೀದಿಗೆ ಕೇಳತೊಡಗಿತು.

“ಇಂಥ ಇಂಗ್ಲಿಷಿನವನಿಗೆ ಮಗಳನ್ನ ಹೇಗಪ್ಪ ಕೊಡೋದು?”

“ಅವರ ಹತ್ತಿರ ಕನ್ನಡದಲ್ಲೇ ಮಾತಾಡ್ತೀನಿ ಸಾರ್.”

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಅಷ್ಟರಲ್ಲಿ ಶಿವಪುರದ ನಿಂಗಮ್ಮ ಬಾಳೆಎಲೆಯ ಕಟ್ಟು ತಂದು ಹಿತ್ತಿಲಲ್ಲಿ ಇಳಿಸಿದಳು.

“ಅದೇನವ್ವ, ಐನೋರು ಆ ಉಡುಗುನ್ ಮೇಲೆ ಅಂಗ್ ಕೂಗಾಡ್ತಾವ್ರೆ?”

“ಜಗಳ ಅಲ್ಲ ಕಣೇ, ಇಂಗ್ಲಿಷು,” ಎಂದರು ಅತ್ತೆ.

“ಯಾವ್ದಾದ್ರೇನ್ ಬುಡಿ. ಒತ್ತಾಯ್ತು, ಎಲೆ ಆಕ್ಬುಡಿ. ಬಾಯ್ಗೆ ತುತ್ತು ಬಿದ್ರೆ ಮಾತು ನಿಲ್ತದೆ.”

ನಮ್ಮಲ್ಲಿ ಒಂದು ಕಟ್ಟುಂಟು. ಸಂಬಂಧ ಗೊತ್ತಾಗುವವರೆಗೆ ಗಂಡಿನವರು ಹೆಣ್ಣಿನ ಮನೆಯಲ್ಲಿ ತಿಂಡಿ ತಿನ್ನಬಹುದು, ಎಲೆಯ ಮುಂದೆ ಕೂರುವಂತಿಲ್ಲ. ಕೂತರೆ ಕೂತವರೂ ಒಪ್ಪಿದ ಹಾಗೆ, ಕೂರಿಸಿದವರೂ ಒಪ್ಪಿದ ಹಾಗೆ. ಅತ್ತೆ ಒಂದು ಗಳಿಗೆ ಮಗಳ ಮುಖ ನೋಡಿದರು. ಆಮೇಲೆ ನಡುಮನೆಗೆ ಹೋಗಿ, “ಏಳಿ, ಎಲೆ ಹಾಕಿದೆ,” ಎಂದರು.

“ಏಳಪ್ಪ, ಗ್ರಬ್,” ಎಂದರು ಮಾವನವರು.

“ಚೌ, ಸಾರ್,” ಎಂದು ಅವನೂ ಎದ್ದ.

ಸೋದರಮಾವ ಮಾತ್ರ ಅನುಮಾನಿಸಿದರು. ಅತ್ತೆಯ ಮುಖ ನೋಡಿದರು, ಒಳಗಿನಿಂದ ಬಂದ ತುಪ್ಪದ ವಾಸನೆ ಎಳೆದುಕೊಂಡರು, ಕೂತರು. ಒಬ್ಬಟ್ಟು ಬಡಿಸುವಾಗಲೂ ಮಾತು ನಿಲ್ಲಲಿಲ್ಲ. ನಿಂಗಮ್ಮನ ಲೆಕ್ಕ ಅಲ್ಲಿ ತಪ್ಪಿತು. ಮೊಸರನ್ನ ಮುಗಿಸಿ ಕೈಗೆ ನೀರು ಹಾಕಿಸಿಕೊಳ್ಳುವಾಗ ಮಾವನವರು ಥಟ್ಟನೆ ನಿಂತರು.

“ಇವರು ಊಟ ಮಾಡಿಬಿಟ್ಟರಲ್ಲೇ!”

“ಹೂಂ. ಒಬ್ಬಟ್ಟು ಎರಡು ಸಲ ಹಾಕಿಸಿಕೊಂಡರು,” ಎಂದರು ಅತ್ತೆ.

ಮಾವನವರು ಒದ್ದೆ ಕೈ ಹಿಡಿದುಕೊಂಡೇ ಹುಡುಗನನ್ನು ನೋಡಿದರು. ಇಷ್ಟು ವರ್ಷಕ್ಕೆ ಈ ಊರಲ್ಲಿ ಅವರ ಇಂಗ್ಲಿಷಿಗೆ ಎದುರು ಮಾತಾಡಿದವನು ಅವನೊಬ್ಬನೇ. “ಪಂಚಾಂಗ ತಗೊಂಬಾಮ್ಮ,” ಎಂದರು ನನಗೆ. ಹಿತ್ತಿಲಲ್ಲಿ ಶಾರದೆ ನಿಂಗಮ್ಮನನ್ನು ತಬ್ಬಿಕೊಂಡು ಎಲೆಯ ಕಟ್ಟಿನ ಮೇಲೆ ಬಿದ್ದಳು.

ಇದನ್ನು ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ. ಮಾವನವರ ಮರೆವು, ನಿಂಗಮ್ಮನ ಜಾಣತನ ಎಂದೇ ಹೇಳಿಕೊಂಡು ಬಂದೆ. ಇವತ್ತು ಬರೆಯುತ್ತ ಕೂತಾಗ ಕೈ ತಾನಾಗಿ ನಿಂತಿತು. ಬಂದವರಿಗೆ ಬರೀ ತಿಂಡಿ ಎಂದು ಹಿಂದಿನ ದಿನವೇ ಮಾತಾಗಿತ್ತಲ್ಲ! ಹಾಗಿದ್ದೂ ಅವತ್ತು ಕೋಳಿ ಕೂಗುವಾಗಲೇ ಎದ್ದು, ಒರಳಿನ ಮುಂದೆ ಕೂತು ಆ ಒಬ್ಬಟ್ಟಿನ ಹೂರಣ ರುಬ್ಬಿದವಳು ನಾನೇ. ಅತ್ತೆ ರುಬ್ಬು ಎಂದರು, ನಾನು ಯಾಕೆ ಎಂದು ಕೇಳಲಿಲ್ಲ. ಮಾವನವರು ಮೊದಲ ಪ್ರಶ್ನೆ ಕೇಳುವ ಹೊತ್ತಿಗೆ ಅತ್ತೆ ಹುಡುಗನನ್ನು ಪಾಸು ಮಾಡಿ, ಬೇಳೆ ಬೇಯಿಸಿ ಇಳಿಸಿ ಆಗಿತ್ತು.