ಏರಿಯ ಮೇಲೆ ಬಿಟ್ಟ ಚಪ್ಪಲಿ

ನನಗೆ ನಲವತ್ತೇಳು ತುಂಬಿದ ವರ್ಷ ಅರಸೀಕೆರೆಯಿಂದ ಹಳೇಬೀಡಿನ ಪ್ರೌಢಶಾಲೆಗೆ ವರ್ಗವಾಯಿತು. ಎರಡು ವರ್ಷದ ಹಿಂದಿನ ಮಾತು. ದಿನಾ ಬಸ್ಸಿನಲ್ಲಿ ಓಡಾಡಿ ತಿಂಗಳಿಗೇ ಸಾಕುಸಾಕಾಗಿ, ಹಳೇಬೀಡಿನಲ್ಲೇ ಮಹಡಿ ಮೇಲೊಂದು ರೂಮು ಹಿಡಿದೆ. ಶನಿವಾರ ಮಧ್ಯಾಹ್ನ ಮನೆಗೆ ಹೋಗುವುದು, ಭಾನುವಾರ ಸಂಜೆ ವಾಪಸ್ಸು ಬರುವುದು. ನಮ್ಮ ಯಜಮಾನರಿಗೆ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಅವರು ಅಂಗಡಿ ಬಿಟ್ಟು ಕದಲುವವರಲ್ಲ.

ಆಗ ನನ್ನ ತೂಕ ಎಂಬತ್ತನಾಲ್ಕು ಕೆಜಿ. ಅದು ಗೊತ್ತಾದದ್ದು ಅಂಗಡಿಯಲ್ಲಿ ಕೊಬ್ಬರಿ ಚೀಲ ತೂಗುವ ಯಂತ್ರದ ಮೇಲೆ. ಯಾರೂ ಇಲ್ಲವೆಂದುಕೊಂಡು ಹತ್ತಿ ನಿಂತಿದ್ದೆ. ಹಿಂದಿನಿಂದ ಯಜಮಾನರು, "ಎರಡು ಚೀಲಕ್ಕೆ ಚೂರು ಕಮ್ಮಿ ಕಣೇ" ಅಂದರು. ಹಮಾಲರಿಬ್ಬರು ಗೋಡೆ ಕಡೆ ತಿರುಗಿ ನಕ್ಕರು. ನಾನು ಎರಡು ದಿನ ಯಜಮಾನರ ಜೊತೆ ಮಾತು ಬಿಟ್ಟೆ.

ಡಾಕ್ಟರು ಮಾತ್ರ ನಗಲಿಲ್ಲ. ರಕ್ತ ಪರೀಕ್ಷೆಯ ಚೀಟಿ ನೋಡಿ, "ಶುಗರ್ ಗಡೀಲಿ ನಿಂತಿದೆ ಮೇಡಂ. ಆರು ತಿಂಗಳು ಟೈಮ್ ಕೊಡ್ತೀನಿ. ತೂಕ ಇಳಿಸಿದ್ರೆ ಸರಿ, ಇಲ್ಲಾಂದ್ರೆ ಜೀವನಪೂರ್ತಿ ಮಾತ್ರೆ" ಅಂದರು. ನಮ್ಮಮ್ಮನಿಗೆ ಇದೇ ಕಾಯಿಲೆಯಲ್ಲಿ ಮೊದಲು ಕಾಲಿನ ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ಎರಡೂ ಸಲ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕುಳಿತಿದ್ದವಳು ನಾನು. ಹಾಗಾಗಿ ಆ ಮಾತು ಕೇಳಿ ನನಗೆ ನಿಜವಾಗಿ ಭಯವಾಯಿತು.

ಹಿಂದೆ ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟಿದ್ದೆ. ಒಂದು ಸಲ ಯಾರದೋ ಮದುವೆ ಬಂತು, ಇನ್ನೊಂದು ಸಲ ಗೌರಿ ಹಬ್ಬ ಬಂತು, ಮೂರನೆಯದಕ್ಕೆ ಕಾರಣವೇ ನೆನಪಿಲ್ಲ. ಒಂದು ದಿನ ತಪ್ಪಿದರೆ ಸಾಕು, 'ಹಾಳಾಗಿ ಹೋಗಲಿ' ಅನ್ನಿಸಿಬಿಡುತ್ತದೆ. ಅದೇ ನನ್ನ ರೋಗ. ಮೇಲಾಗಿ ನಮ್ಮ ಮನೆಯಲ್ಲಿ ತೆಂಗಿನಕಾಯಿ ಬೀಳದ ಪದಾರ್ಥವೆಂದರೆ ಕುಡಿಯುವ ನೀರೊಂದೇ. ಹಳೇಬೀಡಿನ ರೂಮಿನಲ್ಲಿ ಒಬ್ಬಳೇ ಇದ್ದುದರಿಂದ ಅಡುಗೆ ನನ್ನ ಕೈಲಿತ್ತು. ಬೆಳಗ್ಗೆ ಒಂದು ರಾಗಿ ರೊಟ್ಟಿ, ಮಧ್ಯಾಹ್ನ ಮೊಳಕೆ ಕಾಳು, ಸೊಪ್ಪು, ರಾತ್ರಿ ಏಳಕ್ಕೆ ಅರ್ಧ ಮುದ್ದೆ. ಅನ್ನ ಬಿಟ್ಟೆ, ಕಾಫಿಗೆ ಸಕ್ಕರೆ ಬಿಟ್ಟೆ. ದೀಪಾವಳಿ ಮುಗಿದ ವಾರ ಬೆಳಗಿನ ನಡಿಗೆಯನ್ನೂ ಶುರು ಮಾಡಿದೆ.

ಊರಲ್ಲಿ ಸುಮ್ಮನೆ ನಡೆಯುವುದು ಎಷ್ಟು ಕಷ್ಟ ಅಂತ ನಡೆದವರಿಗೇ ಗೊತ್ತು. ಹಾಲಿನ ಕ್ಯಾನಿಟ್ಟುಕೊಂಡು ಹೋಗುವ ಬೈಕಿನವರೆಲ್ಲ ನಿಲ್ಲಿಸಿ, "ಬನ್ನಿ ಅಕ್ಕಾ, ಬಿಟ್ಟೋಯ್ತೀನಿ" ಅನ್ನುವವರೇ. ಬೇಡ ಅಂದರೆ ಅವರಿಗೆ ಬೇಜಾರು. ಅದಕ್ಕೇ ಜನ ಓಡಾಡದ ಹೊತ್ತಿನಲ್ಲಿ, ಆರಕ್ಕೂ ಮುಂಚೆ ಎದ್ದು, ಕೆರೆ ಏರಿಯ ದಾರಿ ಹಿಡಿದೆ. ಸರ ಕಿತ್ತುಕೊಂಡು ಹೋಗುವವರ ಸುದ್ದಿ ಕೇಳಿದ್ದೆನಲ್ಲ, ತಾಳಿ ಸರ, ಬಳೆ ಎಲ್ಲ ತೆಗೆದು ರೂಮಿನಲ್ಲಿಟ್ಟು, ಹಳೇ ಸೀರೆಯುಟ್ಟು, ಶಾಲು ಹೊದ್ದು ಹೊರಡುತ್ತಿದ್ದೆ. ಹೆಜ್ಜೆ ಎಣಿಸಿಕೊಂಡು ನಡೆಯುವುದು ನನ್ನ ಅಭ್ಯಾಸ, ತುಟಿ ಅಲ್ಲಾಡುತ್ತಿತ್ತು. ಬೆವರು ಬಂದರೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದೆ. ನೋಡುವವರ ಕಣ್ಣಿಗೆ ಇದೆಲ್ಲ ಹೇಗೆ ಕಾಣುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ನಾಲ್ಕನೇ ದಿನ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಉರಿಯತೊಡಗಿತು. ಚಪ್ಪಲಿಯನ್ನು ಏರಿಯ ಮೇಲೆ ಬಿಟ್ಟು, ಕಾಲು ತೊಳೆಯೋಣವೆಂದು ಮೆಟ್ಟಿಲಿಳಿದೆ. ಎರಡು ಮೆಟ್ಟಿಲು ಇಳಿದಿರಬೇಕು, ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದು ಎಳೆದ ರಭಸಕ್ಕೆ ಕುಕ್ಕರು ಬಡಿದು ಕೂತೆ.

ನೋಡಿದರೆ ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು. ಏದುಸಿರು ಬಿಡುತ್ತಿದ್ದಳು. "ಬ್ಯಾಡ ಕಣ್ ಮಗಾ, ಬ್ಯಾಡ. ಏನೇ ಇರ್ಲಿ, ಎದ್ ಬಾ" ಅಂದಳು.

"ಏನು ಬೇಡ ಅವ್ವಾ? ನಾನು ಕಾಲು ತೊಳೀತಿದ್ದೆ."

"ಮೂರ್ ದಿನದಿಂದ ನೋಡ್ತಾವ್ನಿ. ಕೊಡ ಇಲ್ಲ, ಕುಡ್ಲು ಇಲ್ಲ, ಕೊಳ್ಳಾಗೆ ತಾಳಿಲ್ಲ. ಬಾಯಲ್ಲೇನೋ ಗೊಣಗ್ತೀಯ, ಕಣ್ಣೊರೆಸ್ಕೊಂತೀಯ. ನಾನೇನ್ ಕುರುಡೀನಾ?"

ನನಗೆ ವಿಷಯ ಹೊಳೆದು ನಗು ಬಂದುಬಿಟ್ಟಿತು. "ಅಯ್ಯೋ, ನಾನು ತೆಳ್ಳಗಾಗೋಕೆ ನಡೀತಿದ್ದೀನಿ ಕಣವ್ವಾ!" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಸಾಯಾಕ್ ಹೋಗೋರು ಇಂಗೇ ನಗ್ತಾರೆ. ನಡಿ ಮನೆಗೆ" ಅಂದಳು. ರಟ್ಟೆ ಬಿಡಲಿಲ್ಲ.

ಅವಳ ಹೆಸರು ನಿಂಗಮ್ಮ. ಏರಿಗೆ ಹೋಗುವ ದಾರಿಯ ಕೊನೆಯ ಮನೆ. ಜಗಲಿಯ ಮೇಲೆ ಕೂರಿಸಿ, ಸೊಸೆಯನ್ನು ಕರೆದು, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತರಿಸಿದಳು. ರೊಟ್ಟಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. ಒಂದು ವಾರದಿಂದ ಅಕ್ಕಿ ಮುಟ್ಟದವಳು ನಾನು. ಬೇಡವೆಂದರೆ ಅವಳ ಅನುಮಾನ ಗಟ್ಟಿಯಾಗುತ್ತಿತ್ತು. ತಿಂದೆ. ಅಷ್ಟು ರುಚಿಯಾದ ರೊಟ್ಟಿಯನ್ನು ಅಷ್ಟು ಬೈದುಕೊಂಡು ನಾನು ಯಾವತ್ತೂ ತಿಂದಿಲ್ಲ.

ತಿನ್ನುವಾಗ ನಿಂಗಮ್ಮ ತನ್ನ ತಂಗಿಯ ವಿಷಯ ಹೇಳಿದಳು. ಹೆಸರು ಜಯಿ, ಇದೇ ಊರಿಗೆ ಕೊಟ್ಟಿದ್ದರಂತೆ. "ನಾನಿಲ್ಲೇ ಕುಂತು ರಾಗಿ ಕೇರ್ತಿದ್ದೆ. ಬರಿಗೈಲಿ ಬಂದ್ಲು. ಯಾಕೆ ಜಯೀ ಅಂದೆ. ಇಂಗೇ ಬಂದೆ ಅಕ್ಕಾ ಅಂದು ನಕ್ಲು. ಕೆಲ್ಸ ಐತೆ, ಆಮ್ಯಾಕ್ ಬಾ ಅಂದೆ. ಹೂಂ ಅಂದ್ಲು, ಹೋದ್ಲು. ಏರಿ ಮ್ಯಾಲೆ ಚಪ್ಲಿ ಸಿಕ್ತು." ಅಷ್ಟು ಹೇಳಿ, "ಇನ್ನೊಂದು ರೊಟ್ಟಿ ಹಾಕ್ಲಾ?" ಎಂದು ಕೇಳಿದಳು. ಆಮೇಲೆ ನನಗೆ ನಗು ಬರಲಿಲ್ಲ.

ಹೊರಡುವಾಗ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಮಾತು ತೆಗೆದುಕೊಂಡಳು. ದಿನಾ ಬೆಳಗ್ಗೆ ಅವಳ ಮನೆ ಮುಂದೆ ನಿಂತು ಮುಖ ತೋರಿಸಿ ಹೋಗಬೇಕು. ಭಾನುವಾರ ಮಾತ್ರ ಬರುವುದಿಲ್ಲ, ಊರಿಗೆ ಹೋಗುತ್ತೇನೆ ಎಂದೆ. ಯಾವ ಊರು ಅಂದಳು, ಅರಸೀಕೆರೆ ಎಂದೆ. ಇಲ್ಲೇನು ಕೆಲಸ ಅಂದಾಗ ಮಾತ್ರ ಸುಮ್ಮನೆ, "ಒಂದು ಆಫೀಸಲ್ಲಿ" ಅಂದುಬಿಟ್ಟೆ. ಟೀಚರಮ್ಮ ಕೆರೆಗೆ ಬೀಳೋಕೆ ಹೋಗಿದ್ದಳಂತೆ ಅನ್ನುವ ಸುದ್ದಿ ಶಾಲೆಗೆ ಮುಟ್ಟಿದರೆ ಮಕ್ಕಳ ಮುಂದೆ ಮಾನ ಉಳಿಯುತ್ತದೆಯೇ? ಆ ಚಿಕ್ಕ ಸುಳ್ಳು ಮುಂದೆ ಏನು ಮಾಡಿತು ನೋಡಿ.

ಅಂದಿನಿಂದ ದಿನಾ ಅವಳ ಜಗಲಿ ಮುಂದೆ ನಿಂತು "ಬಂದೆ ಕಣವ್ವಾ" ಅನ್ನುವುದು, ಒಳಗಿನಿಂದ ಅವಳು "ಹೂಂ" ಅನ್ನುವುದು ನಡೆಯಿತು. ರೊಟ್ಟಿಯ ವಿಷಯದಲ್ಲಿ ಒಂದು ವಾರ ಜಗಳವಾಗಿ, ಕೊನೆಗೆ ಒಂದು ಲೋಟ ನೀರು ಮಜ್ಜಿಗೆಗೆ ಒಪ್ಪಿಕೊಂಡಳು. ಚಳಿಯಿರಲಿ, ಮಂಜಿರಲಿ, ನಾನು ತಪ್ಪಿಸಲಿಲ್ಲ. ತಪ್ಪಿಸುವ ಧೈರ್ಯ ಇರಲಿಲ್ಲ ಅನ್ನುವುದೇ ಸರಿ. ಸಂಕ್ರಾಂತಿಯ ಹೊತ್ತಿಗೆ ಐದು ಕೆಜಿ ಇಳಿದಿತ್ತು. ಶಿವರಾತ್ರಿ ಹತ್ತಿರ ಬಂದಾಗ ಒಂಬತ್ತು. ರವಿಕೆಗಳನ್ನೆಲ್ಲ ಹಿಡಿಸಬೇಕಾಯಿತು. ಯಜಮಾನರು ಕೊಬ್ಬರಿ ಯಂತ್ರದ ಮುಂದೆ ನಿಂತು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ನಿಂಗಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. "ದಿನೇ ದಿನೇ ಸೊರಗ್ತಿದ್ದೀಯ. ಮನಸ್ನಾಗೆ ಏನೋ ಐತೆ ನಿಂಗೆ" ಅನ್ನುತ್ತಿದ್ದಳು.

ಶಿವರಾತ್ರಿಗೆ ಮೊದಲಿನ ಭಾನುವಾರ ಹಾರನಹಳ್ಳಿಯಲ್ಲಿ ನಮ್ಮ ನಾದಿನಿಯ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುತ್ತಾ ಬಂದರು. ಮೊದಲನೆಯದು ಬಲವಂತಕ್ಕೆ ತಿಂದೆ, ಮಿಕ್ಕ ನಾಲ್ಕಕ್ಕೆ ಯಾರ ಬಲವಂತವೂ ಇರಲಿಲ್ಲ. ಮೇಲೆ ಕಾಯಿಹಾಲು, ತುಪ್ಪ. ಸಂಜೆ ರೂಮಿಗೆ ಬಂದು ಮಲಗಿದವಳಿಗೆ ಸೋಮವಾರ ಬೆಳಗ್ಗೆ ಐದೂವರೆಗೆ ಎಚ್ಚರವಾಯಿತು. ಏಳಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ ಬಂದಿತ್ತು. ಎಷ್ಟು ನಡೆದರೂ ನಾನು ಇಷ್ಟೇ, ಹಾಳಾಗಿ ಹೋಗಲಿ ಎಂದು ರಗ್ಗು ಎಳೆದುಕೊಂಡೆ. ನಿಂಗಮ್ಮ ನೆನಪಾಗಲಿಲ್ಲವೆಂದರೆ ಸುಳ್ಳು. ನಾಳೆ ಹೇಳಿದರಾಯಿತು ಅಂದುಕೊಂಡೆ.

ಶಾಲೆಯಲ್ಲಿ ಪ್ರಾರ್ಥನೆ ಮುಗಿಸಿ ಹಾಜರಿ ಪುಸ್ತಕ ತೆಗೆಯುವಾಗ ಅಟೆಂಡರ್ ರಂಗಪ್ಪ ಬಂದು, "ಕೆರೇಲಿ ಯಾರೋ ಹೆಂಗ್ಸು ಬಿದ್ದವ್ಳಂತೆ ಮೇಡಂ. ಮೀನಿನೋರು ತೆಪ್ಪ ಇಳ್ಸಿ ಹುಡುಕ್ತಾವ್ರೆ" ಅಂದರು.

"ಅಯ್ಯೋ ಪಾಪ, ಯಾರಂತೆ?"

"ಗೊತ್ತಿಲ್ಲ. ಪರ ಊರೋಳಂತೆ. ಸಣ್ಣಕ್ಕೆ, ಸೊರಗಿ ಕಡ್ಡಿಯಂಗಿದ್ಲಂತೆ."

ಪಾಪ ಅನ್ನಿಸಿತು. ಹೆಸರು ಕೂಗಿ ಹಾಜರಿ ಹಾಕತೊಡಗಿದೆ. ರಂಗಪ್ಪ ಬಾಗಿಲಲ್ಲೇ ನಿಂತು ಮಾತು ಮುಂದುವರಿಸಿದರು. "ಏರಿ ಕೆಳಗಿನ ನಿಂಗಮ್ಮಜ್ಜಿ ಚಪ್ಲಿ ಗುರುತು ಹಿಡಿದವ್ಳಂತೆ. ದಿನಾ ಮೊಖ ತೋರ್ಸಿ ಹೋಗ್ತಿದ್ಲಂತೆ ಆ ಹೆಂಗ್ಸು."

ಪೆನ್ನು ಮೇಜಿನ ಮೇಲೆ ಬಿಟ್ಟು ಓಡಿದೆ. ಶಾಲೆಯಿಂದ ಏರಿಗೆ ಒಂದು ಕಿಲೋಮೀಟರಿಗೆ ಕಮ್ಮಿಯಿಲ್ಲ. ಮದುವೆಯಾದ ಮೇಲೆ ನಾನು ಓಡಿದ್ದೇ ಇಲ್ಲ. ಸೀರೆ ಎತ್ತಿ ಕಟ್ಟಿ, ಅಂಗಡಿ ಸಾಲಿನ ಮುಂದೆ, ಟೂರಿಸ್ಟ್ ಬಸ್ಸುಗಳ ನಡುವೆ, ಎಲ್ಲೂ ನಿಲ್ಲದೆ ಓಡಿದೆ. ಎಂಬತ್ತನಾಲ್ಕು ಕೆಜಿಯಲ್ಲಿ ಅದು ಆಗುತ್ತಿರಲಿಲ್ಲ ಎಂದು ಹೊಳೆದದ್ದು ಎಷ್ಟೋ ದಿನದ ಮೇಲೆ.

ಏರಿಯ ಮೇಲೆ ಜನ ಸೇರಿತ್ತು. ತೆಪ್ಪದಲ್ಲಿ ಇಬ್ಬರು ಗಳ ಹಾಕಿ ನೀರು ಕೆದಕುತ್ತಿದ್ದರು. ಮೆಟ್ಟಿಲ ಮೇಲೆ ಯಾರದೋ ಹರಿದ ಚಪ್ಪಲಿ ಬಿದ್ದಿತ್ತು. ನನ್ನದರ ಬಣ್ಣ ಅಷ್ಟೇ, ನನ್ನದಲ್ಲ. ನಿಂಗಮ್ಮ ಮಂಡಿಯುದ್ದ ನೀರಲ್ಲಿ ನಿಂತಿದ್ದಳು. ಮಗ ಒಂದು ರಟ್ಟೆ ಹಿಡಿದುಕೊಂಡಿದ್ದ. "ಆ ಕಡೆ ನೋಡ್ರಪ್ಪ, ಇನ್ನೊಂದ್ ಸಲ ಆ ಕಡೆ ನೋಡ್ರಪ್ಪ" ಎಂದು ತೆಪ್ಪದವರನ್ನು ಬೇಡುತ್ತಿದ್ದಳು. ಗಂಟಲು ಬಿದ್ದುಹೋಗಿತ್ತು.

ದಿನಾ ಹೇಳುತ್ತಿದ್ದುದನ್ನೇ ಹೇಳಿದೆ. "ಬಂದೆ ಕಣವ್ವಾ."

ಅವಳು ತಿರುಗಿದಳು. ನೀರಿನಿಂದ ಹತ್ತಿ ಬಂದು, ಅಷ್ಟು ಜನರ ಮುಂದೆ, ನನ್ನ ಕೆನ್ನೆಗೆ ಬಾರಿಸಿದಳು. ಎರಡನೇ ಏಟಿಗೆ ಎತ್ತಿದ ಕೈ ನನ್ನ ಹೆಗಲ ಮೇಲೆ ಬಿತ್ತು. ನನ್ನ ಹಿಂದೆಯೇ ಓಡಿಬಂದ ರಂಗಪ್ಪ, "ಇವ್ರು ನಮ್ ಮೇಡಂ ಕಣಜ್ಜಿ!" ಅಂದರು. ಜನ ಗೊಳ್ಳೆಂದು ನಕ್ಕರು. ತೆಪ್ಪದವರು ಬಾಯಿಗೆ ಬಂದಂತೆ ಬೈದರು. ನ್ಯಾಯವಾಗಿಯೇ ಬೈದರು. ನಾಚಿಕೆಯಲ್ಲಿ ನಾನು ಕುಗ್ಗಿಹೋಗಿದ್ದೆ, ಆದರೂ ಅವಳ ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಜನವೆಲ್ಲ ಚದುರಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ತಪ್ಪಾಯ್ತು ಅವ್ವಾ ಅಂದೆ. ಶಾಲೆಯ ವಿಷಯ, ಒಬ್ಬಟ್ಟಿನ ವಿಷಯ ಎಲ್ಲ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಸೀರೆಯ ಅಂಚು ಹಿಂಡುತ್ತಾ ಹೇಳಿದಳು: "ಜಯಿ ಹೋದಾಗ್ಲೂ ಇಂಗೇ ನಿಂತಿದ್ದೆ ನೀರ್ನಾಗೆ. ಎದ್ ಬತ್ತಾಳೆ, ಹಿಂದ್ಗಡೆಯಿಂದ ಅಕ್ಕಾ ಅಂತಾಳೆ ಅಂದ್ಕೊಂಡೆ. ಬರ್ಲಿಲ್ಲ." ಆಮೇಲೆ ನನ್ನ ಕೆನ್ನೆ ಸವರಿ, "ನೀನ್ ಬಂದೆ" ಅಂದಳು.

ಈಗ ನನ್ನ ತೂಕ ಎಪ್ಪತ್ತೊಂದು. ಶುಗರ್ ಗಡಿಯಿಂದ ಈಚೆಗೆ ಬಂದಿದೆ, ಮಾತ್ರೆ ಬೇಡವೆಂದರು ಡಾಕ್ಟರು. "ಯಾವ ಡಯಟ್ ಮಾಡಿದ್ರಿ ಮೇಡಂ?" ಎಂದು ಕೇಳುತ್ತಾರೆ ಸಹೋದ್ಯೋಗಿಗಳು. ರಾಗಿ, ಸೊಪ್ಪು, ನಡಿಗೆ ಅನ್ನುತ್ತೇನೆ. ಮಿಕ್ಕದ್ದನ್ನು ಹೇಳಲು ಬರುವುದಿಲ್ಲ. ನಾನು ಒಬ್ಬಟ್ಟು ತಿಂದ ಮರುದಿನವೂ ಎದ್ದು ಹೋಗುತ್ತೇನೆ. ನಿಂಗಮ್ಮ ಇವತ್ತಿಗೂ ನಾನು ತೆಳ್ಳಗಾಗಲು ನಡೆಯುತ್ತೇನೆಂದು ನಂಬಿಲ್ಲ. ನಾನೂ ನಂಬಿಸಲು ಹೋಗಿಲ್ಲ. ದಿನಾ ಆರಕ್ಕೆ ಅವಳ ಜಗಲಿ ಮುಂದೆ ನಿಂತು "ಬಂದೆ ಕಣವ್ವಾ" ಅನ್ನುತ್ತೇನೆ. ಒಳಗಿನಿಂದ "ಹೂಂ" ಎಂದು ಕೇಳಿಸುವ ತನಕ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ.