ಜೇಬಿನಲ್ಲೇ ಉಳಿದ ಅರ್ಜಿ

ನಮ್ಮ ಹೆಡ್‌ಮೇಷ್ಟ್ರು ದಿಲ್ಲಿಯಲ್ಲಿ ಮಂತ್ರಿಯಾದ ದಿನ ನೀವು ಏನು ಮಾಡುತ್ತಿದ್ದಿರಿ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದೆ. ಮೇಷ್ಟ್ರಾದವನು ಇನ್ನೇನು ಮಾಡುತ್ತಾನೆ? ಹಳ್ಳಿ ಮೇಷ್ಟ್ರೊಬ್ಬರು ದಿಲ್ಲಿ ತನಕ ಹೋದ ಕಥೆ ಬರೆದುಕೊಡಿ ಎಂದು ಬಂದವರನ್ನೆಲ್ಲ ಇಷ್ಟು ದಿನ ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಹುಷಾರಾಗಿಯೇ ಇದ್ದೇನೆ. ಆ ಕಥೆಯಲ್ಲಿ ನನ್ನ ಹೆಂಡತಿ ಬರುತ್ತಾಳೆ. ಅವಳನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ, ಸೇರಿಸಿ ಹೇಳಿದರೆ ನನ್ನ ಮಾನ ಉಳಿಯುವುದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಜಗಳೂರು ತಾಲೂಕಿನಲ್ಲಿ, ಸೊಕ್ಕೆಯಿಂದ ಇನ್ನೂ ಒಳಗೆ ಹೋದರೆ ಸಿಗುವ ಹಳ್ಳಿ. ಎರಡು ಕೋಣೆಯ ಶಾಲೆ, ಇಬ್ಬರೇ ಮೇಷ್ಟ್ರು. ಅವರು ಹೆಡ್‌ಮೇಷ್ಟ್ರು, ನಾನು ಅಸಿಸ್ಟೆಂಟು. ಅವರು ಚನ್ನಗಿರಿ ತಾಲೂಕಿನ ಉಬ್ರಾಣಿ ಕಡೆಯವರು; ಅಪ್ಪ ಕೂಲಿ ಮಾಡಿ ಓದಿಸಿದ್ದರಂತೆ. ನಾನು ಹೊನ್ನಾಳಿಯವನು, ಹೆಂಡತಿಯ ತವರು ನ್ಯಾಮತಿ. ಆಗಿನ ಲೆಕ್ಕದಲ್ಲಿ ಬೇರೆ ಜಿಲ್ಲೆಯಿಂದ ಬಂದು ಬಿದ್ದವರು ಎಂಬ ಒಂದೇ ಕಾರಣಕ್ಕೆ ಮೊದಲು ಹತ್ತಿರವಾದೆವು. ಆಮೇಲೆ ನಾನು ಅವರ ಶಿಷ್ಯನೇ ಆಗಿಬಿಟ್ಟೆ, ವಯಸ್ಸಿನಲ್ಲಿ ಐದಾರು ವರ್ಷವಷ್ಟೇ ಚಿಕ್ಕವನಾಗಿದ್ದರೂ.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಮನೆಗೆ ಹೋದ ಮೇಲೆ ದೊಡ್ಡವರು ಬಂದು ಶಾಲೆಯ ಜಗಲಿಯ ಮೇಲೆ ಕೂರುತ್ತಿದ್ದರು, ಅರ್ಜಿ ಬರೆಸಲು. ಅರ್ಜಿಯ ವಿಷಯದಲ್ಲಿ ಹೆಡ್‌ಮೇಷ್ಟ್ರದ್ದು ಒಂದೇ ನಿಯಮ. ಬರೆಸುವವನ ಸ್ವಂತ ಮನೆ ಅದರಲ್ಲಿ ಬರಬಾರದು. ಕುರಿ ಕಾಯುವವನೊಬ್ಬ ಬಂದು ಬೇಸಿಗೆಯಲ್ಲಿ ನನ್ನ ಕುರಿಗೆ ನೀರಿಲ್ಲ ಎಂದರೆ, "ನಿನ್ನ ಕುರಿ ಅಷ್ಟೇ ನೀರು ಕುಡಿತಾವೇನಪ್ಪಾ? ಹೋಗು, ಕುರಿ ಇರೋರನ್ನೆಲ್ಲ ಕರ್ಕಂಬಾ" ಎಂದು ವಾಪಸು ಕಳಿಸುತ್ತಿದ್ದರು. ಎಲ್ಲರೂ ಬಂದ ಮೇಲೆ, ಊರ ದನಕುರಿಗೆ ನೀರಿನ ತೊಟ್ಟಿ ಬೇಕು ಎಂದು ಅರ್ಜಿ ಸಿದ್ಧವಾಗುತ್ತಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಒಬ್ಬೊಬ್ಬರ ಹೆಬ್ಬೆಟ್ಟನ್ನೂ ತಾವೇ ಹಿಡಿದು ಒತ್ತಿಸುತ್ತಿದ್ದರು.

"ಒಬ್ಬ ಕೇಳಿದ್ರೆ ಸಾಹೇಬ್ರು ಭಿಕ್ಷೆ ಹಾಕ್ತಾರೆ ಮೇಷ್ಟ್ರೇ. ಊರು ಕೇಳಿದ್ರೆ ಕೊಡಲೇಬೇಕಾಗ್ತೈತೆ" ಎಂದು ನನಗೆ ಹೇಳುತ್ತಿದ್ದರು. ನನಗೆ ಆ ಮಾತು ವೇದವಾಯಿತು.

ಅರ್ಜಿ ಮುಗಿದ ಮೇಲೆ ನಮ್ಮ ಮನೆ. ಅವರ ಸಂಸಾರ ಸ್ವಂತ ಊರಿನಲ್ಲೇ ಇತ್ತು, ಇಲ್ಲಿ ಕೈ ಸುಟ್ಟುಕೊಂಡು ಅಡಿಗೆ ಮಾಡುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ತಂಗೀ, ಮಂಡಕ್ಕಿ ಐತೇನವ್ವಾ?" ಎಂದು ಕೂಗುವುದು. ನನ್ನ ಹೆಂಡತಿ ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಮೊರದಲ್ಲಿ ತಂದು ಇಬ್ಬರ ನಡುವೆ ಇಡುವಳು. "ಊರಿಗೆಲ್ಲ ಅರ್ಜಿ ಬರೀತೀರಿ, ನಿಮಗೊಬ್ರು ಅಡಿಗೆಯೋರು ಬೇಕು ಅಂತ ಒಂದು ಬರ್ಕಳ್ರೀ ಅಣ್ಣ" ಎಂದು ಅವರನ್ನೇ ಛೇಡಿಸುತ್ತಿದ್ದಳು. ಅವರನ್ನು ಹಾಗೆ ಛೇಡಿಸುವ ಧೈರ್ಯ ಆ ಊರಿನಲ್ಲಿ ಇನ್ಯಾರಿಗೂ ಇರಲಿಲ್ಲ.

ತೊಟ್ಟಿ ಬಂತು. ಬಸ್ಸು ಬಂತು, ದಿನಕ್ಕೆ ಎರಡು ಸಲ. ಇದನ್ನು ಕೇಳಿ ಪಕ್ಕದ ಹಳ್ಳಿಯವರು ಬಂದರು, ಆಮೇಲೆ ಬಿಳಿಚೋಡಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದರು. ಸರ್ಕಾರಿ ನೌಕರನಾಗಿ ಜನರನ್ನು ಎತ್ತಿಕಟ್ಟುತ್ತಿದ್ದೀರಿ ಎಂದು ಮೇಲಿನಿಂದ ನೋಟಿಸು ಬಂತು. ಹೆಡ್‌ಮೇಷ್ಟ್ರು ಅದನ್ನು ಎರಡು ಸಲ ಓದಿ, ಅದರ ಹಿಂಬದಿಯ ಖಾಲಿ ಜಾಗದಲ್ಲೇ ರಾಜೀನಾಮೆ ಬರೆದರು. ನನಗೆ ಅಳು ಬಂತು. ಬೇಡಿ ಎಂದು ಕೈ ಹಿಡಿದೆ. ಅವರು ನನ್ನ ಕೈಗೆ ಶಾಲೆಯ ಬೀಗದ ಕೈ ಕೊಟ್ಟು ಹೋದರು.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಶಾಸಕರಾದರು. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ತಿರುಗಿದರು. ಅವರ ಭಾಷಣ ಕೇಳಲು ಜನ ಹೊಲದ ಕೆಲಸ ಬಿಟ್ಟು ಬರುತ್ತಿದ್ದರಂತೆ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಪಾರ್ಲಿಮೆಂಟಿಗೆ ಹೋದರು, ಅಲ್ಲಿ ಮಂತ್ರಿಯಾದರು. ದಿಲ್ಲಿಯ ವಾರ್ತೆಯಲ್ಲಿ ಅವರ ಹೆಸರು ಬರುತ್ತದೋ ಎಂದು ನಾನು ರೇಡಿಯೋಗೆ ಕಿವಿ ಹಚ್ಚಿ ಕೂರುತ್ತಿದ್ದೆ. "ಅಲ್ಲಿ ಅವರು ಕೆಮ್ಮಿದ್ರೂ ನಿಮಗೆ ಕೇಳ್ತೈತೆ. ಇಲ್ಲಿ ನಾನು ಕೆಮ್ಮಿದ್ರೆ ಕೇಳಂಗಿಲ್ಲ" ಎಂದಳು ಇವಳು ಒಂದು ದಿನ. ನಗುತ್ತಲೇ ಹೇಳಿದಳು. ನಾನೂ ನಕ್ಕೆ.

ಅವಳಿಗೆ ಉಬ್ಬಸ. ಆ ಊರಿನ ಧೂಳು ಅವಳಿಗೆ ಆಗಿಬರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಹೊಟ್ಟು ಹಾರಿ ಬಂದರೆ ಮೂರು ದಿನ ಗೋಡೆಗೆ ಒರಗಿ ಕೂತೇ ಉಸಿರಾಡಬೇಕು. ಇಂಜೆಕ್ಷನ್ ಕೊಡಿಸಲು ಜಗಳೂರಿಗೇ ಹೋಗಬೇಕು. ನ್ಯಾಮತಿಯಲ್ಲಾದರೆ ಅವಳ ಅಣ್ಣನ ಮನೆಯ ಎದುರಿಗೇ ಡಾಕ್ಟರು. ತವರಿಗೆ ಹೋದ ವಾರದಲ್ಲೇ ಮುಖಕ್ಕೆ ಕಳೆ ಬರುತ್ತಿತ್ತು, ಆದರೆ ನನ್ನನ್ನು ಬಿಟ್ಟು ಅಲ್ಲೇ ಇರಲು ಒಪ್ಪುತ್ತಿರಲಿಲ್ಲ. ಮಕ್ಕಳಿಲ್ಲದ ನಮಗೆ ಒಬ್ಬರಿಗೊಬ್ಬರೇ ಎಲ್ಲ. ನ್ಯಾಮತಿ ಸೇರಿದ ಹೊನ್ನಾಳಿ ತಾಲೂಕಿಗೆ ನನಗೆ ವರ್ಗವಾದರೆ ಆ ತೊಂದರೆ ತೀರುತ್ತಿತ್ತು. ಜಿಲ್ಲೆ ದಾಟುವ ವರ್ಗ ನಮ್ಮಂಥವರಿಗೆ ಸುಮ್ಮನೆ ಸಿಗುವುದಿಲ್ಲ, ದೊಡ್ಡವರ ಬಾಯಿಂದ ಒಂದು ಮಾತು ಹೋಗಬೇಕು. ಆ ದೊಡ್ಡವರು ನಮ್ಮ ಮನೆಯಲ್ಲಿ ಮಂಡಕ್ಕಿ ತಿಂದವರು.

"ನೀವು ಕೇಳಿದ್ರೆ ಅಣ್ಣ ಇಲ್ಲ ಅಂತಾರೇನ್ರೀ? ಒಂದು ಮಾತು ಕೇಳಾಕೆ ಏನಾಗೈತೆ ನಿಮಗೆ?" ಎಂದು ಅವಳು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ.

"ಅರ್ಜಿಯಾಗೆ ಸ್ವಂತ ಮನೆ ಬರಬಾರ್ದು ಅಂತ ಹೇಳಿಕೊಟ್ಟೋರೇ ಅವರು. ಅವರ ಮುಂದೆ ಹೆಂಗೆ ನಿಂತ್ಕಂಡು ಕೇಳಲಿ?" ಎಂದು ನಾನು ರೇಗುತ್ತಿದ್ದೆ. ರೇಗುವುದು ನನಗೆ ಮೊದಲಿಂದಲೂ ಸಲೀಸು. ವರ್ಗ ಕೇಳುವ ಬದಲು ಊರಿನ ಜನರನ್ನು ಕೂಡಿಸಿದೆ. ಊರಿಗೆ ಒಂದು ಆಸ್ಪತ್ರೆ ಬೇಕು ಎಂದು ಎರಡು ಹಾಳೆಯ ಅರ್ಜಿ ಬರೆದೆ, ಮನೆಮನೆಯ ಹೆಬ್ಬೆಟ್ಟು ಒತ್ತಿಸಿದೆ. ಬಸುರಿಯರು, ಹಾವು ಕಚ್ಚಿದವರು, ಜ್ವರದ ಮಕ್ಕಳು ಎಲ್ಲ ಅದರಲ್ಲಿ ಬಂದರು. ಉಬ್ಬಸ ಎಂಬ ಶಬ್ದ ಬರಲಿಲ್ಲ. ಬೇಕೆಂದೇ ಬಿಟ್ಟೆ. ನನ್ನ ಮನೆಯ ರೋಗ ಊರಿನ ಅರ್ಜಿಗೆ ಸೇರಬಾರದೆಂಬ ಹಠ.

ಹೆಡ್‌ಮೇಷ್ಟ್ರು ಮಂತ್ರಿಯಾದ ಮೇಲೆ ಮೊದಲ ಸಲ ಜಗಳೂರಿನ ಪ್ರವಾಸಿ ಮಂದಿರಕ್ಕೆ ಬಂದರು. ಅವರನ್ನು ನೋಡಲು ನಾನು ಹೊರಟಾಗ ಇವಳು ನಾಲ್ಕಾಗಿ ಮಡಿಸಿದ ಒಂದು ಹಾಳೆ ತಂದು ನನ್ನ ಅಂಗಿಯ ಜೇಬಿಗೆ ತುರುಕಿದಳು. ಏಳನೇ ಕ್ಲಾಸಿನ ತನಕ ಓದಿದ್ದವಳು.

"ನೀವಂತೂ ಬರೆಯಂಗಿಲ್ಲ, ನಾನೇ ಬರೆದೀನಿ. ಬಾಯಿ ಬಿಟ್ಟು ಕೇಳೋದೂ ಬ್ಯಾಡ. ಇದನ್ನ ಅಣ್ಣನ ಕೈಗೆ ಕೊಟ್ಟುಬಿಡ್ರಿ, ಅಷ್ಟು ಸಾಕು."

ಸರಿ ಎಂದೆ. ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರೆ, ಬಸ್ಸು ಹತ್ತುವ ತನಕ ಕೊಡಬೇಕೆಂದೇ ಇತ್ತು.

ಪ್ರವಾಸಿ ಮಂದಿರದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಕಾಗದ. ಹೆಡ್‌ಮೇಷ್ಟ್ರು ಜನರ ನಡುವಿನಿಂದಲೇ ನನ್ನನ್ನು ಗುರುತಿಸಿ ಕೈ ಎತ್ತಿ ಕರೆದರು. "ಬರ್ರಿ ಮೇಷ್ಟ್ರೇ! ಮನೆಯಾಗೆ ಹೆಂಗಿದಾರೆ, ತಂಗಿ ಆರಾಮಾ?"

"ಆರಾಮ ಅದಾಳ್ರಿ" ಎಂದೆ. ಅದು ಬಾಯಿಂದ ತಾನಾಗಿ ಬಂದ ಸುಳ್ಳು.

"ನಿಮಗೇನಾದ್ರೂ ಆಗಬೇಕೇನ್ರಿ?" ಎಂದು ಅವರೇ ಕೇಳಿದರು. ಅವರೇ ಕೇಳಿದರು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ನಾನು ಊರಿನ ಅರ್ಜಿಯನ್ನು ಕೊಟ್ಟೆ. ಅವರು ಹಾಳೆ ತಿರುವಿದರು, ಹೆಬ್ಬೆಟ್ಟುಗಳ ಸಾಲಿನ ಮೇಲೆ ಬೆರಳಾಡಿಸಿದರು, ಕಣ್ಣು ಒದ್ದೆಯಾಯಿತು. ಸುತ್ತಲಿನವರಿಗೆ ಎತ್ತಿ ತೋರಿಸಿ, "ನೋಡ್ರಿ, ಅರ್ಜಿ ಅಂದ್ರೆ ಹಿಂಗಿರಬೇಕು. ಈ ಮನುಷ್ಯ ತನಗೆ ಅಂತ ಒಂದಕ್ಷರ ಬರೆದಿಲ್ಲ" ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆ ಕ್ಷಣ ನಾನು ಎಷ್ಟು ಉಬ್ಬಿದೆನೆಂದರೆ, ಇನ್ನೊಂದು ಹಾಳೆ ತೆಗೆದು ಅದನ್ನು ಕೆಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಮಸ್ಕಾರ ಹೇಳಿ ಹಿಂದೆ ಸರಿದೆ.

ಮನೆಗೆ ಬಂದಾಗ ಇವಳು ಬಾಗಿಲಲ್ಲೇ ನಿಂತಿದ್ದಳು. "ಕೊಟ್ರಾ?"

"ಕೊಟ್ಟೆ."

"ಏನಂದ್ರು?"

"ನೋಡನ ಅಂದ್ರು."

ಅವಳು ಆ ದಿನದಿಂದಲೇ ವರ್ಗದ ಆರ್ಡರು ಕಾಯತೊಡಗಿದಳು. ಟಪಾಲಿನವನ ಸೈಕಲ್ ಬೆಲ್ ಕೇಳಿದರೆ ಕೆಲಸ ಬಿಟ್ಟು ಹೊರಗೆ ಬರುವಳು. ಒಂದೆರಡು ತಿಂಗಳಾದ ಮೇಲೆ ದಿನಬಳಕೆಗೆ ಬೇಡದ ಪಾತ್ರೆಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಳು, ಹೊರಡುವಾಗ ಗಡಿಬಿಡಿ ಆಗಬಾರದೆಂದು. ಅವಳ ಹಾಳೆಯನ್ನು ನಾನು ಬಿಚ್ಚಿ ಓದಿರಲಿಲ್ಲ. ಶಾಲೆಯ ಟ್ರಂಕಿನಲ್ಲಿ ಹಳೆಯ ಹಾಜರಿ ಪುಸ್ತಕದ ನಡುವೆ ಸೇರಿಸಿದ್ದೆ. ಇನ್ನೊಮ್ಮೆ ಬಂದಾಗ ಕೊಟ್ಟರಾಯಿತು ಎಂದುಕೊಂಡೆ.

ಆ ವರ್ಷದ ಸುಗ್ಗಿಯಲ್ಲಿ ಗಾಳಿ ಜೋರು. ಒಂದು ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತು. ಇಬ್ಬರು ಹಿಡಿದು ಬಸ್ಸು ನಿಲ್ಲುವ ಕಟ್ಟೆಗೆ ತಂದು ಕೂರಿಸಿದೆವು. ನಾವೇ ಅರ್ಜಿ ಹಾಕಿ ತರಿಸಿದ ಬಸ್ಸು ಆ ದಿನ ತಡವಾಯಿತು. ಅವಳು ನನ್ನ ಹೆಗಲಿಗೆ ಒರಗಿ, ಉಸಿರಿಗೊಂದರಂತೆ ಮಾತು ಬಿಡಿಸಿ ಬಿಡಿಸಿ ಹೇಳಿದಳು, "ಆರ್ಡರು... ಬಂದ್ರೆ... ಆ ಚೀಲ... ಮರೀಬ್ಯಾಡ್ರಿ." ಬಸ್ಸಿನ ಧೂಳು ದೂರದಲ್ಲಿ ಕಾಣಿಸಿದಾಗ ಅವಳ ಭಾರ ನನ್ನ ಮೇಲೆ ಪೂರ್ತಿ ಬಿತ್ತು.

ಅವಳ ಅಣ್ಣನಿಗೆ ಬಿಟ್ಟು, ಅವಳು ಹೋದ ಸುದ್ದಿಯನ್ನು ನಾನು ಯಾರಿಗೂ ಬರೆಯಲಿಲ್ಲ. ಹೆಡ್‌ಮೇಷ್ಟ್ರಿಗಂತೂ ಇಲ್ಲ.

ಎರಡು ವರ್ಷ ಬಿಟ್ಟು ಆಸ್ಪತ್ರೆ ಬಂತು. ಊರಿನ ಅರ್ಜಿ ಸುಳ್ಳಾಗಲಿಲ್ಲ. ಉದ್ಘಾಟನೆಗೆ ಅವರೇ ದಿಲ್ಲಿಯಿಂದ ಬಂದರು, ಭಾಷಣದಲ್ಲಿ ನನ್ನ ಅರ್ಜಿಯ ವಿಷಯ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ಅದು ಮುಗಿದದ್ದೇ, ಜೊತೆಗಿದ್ದವರನ್ನೆಲ್ಲ ಅಲ್ಲೇ ನಿಲ್ಲಿಸಿ ಹಳೆಯ ದಾರಿ ಹಿಡಿದು ನಡೆದುಕೊಂಡೇ ನಮ್ಮ ಮನೆಗೆ ಬಂದರು. ನಾನು ಹಿಂದೆ ಓಡಿದೆ. ನಾನು ತಲುಪುವ ಮೊದಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂಗಿದ್ದು ಕೇಳಿಸಿತು.

"ತಂಗೀ, ಮಂಡಕ್ಕಿ ಐತೇನವ್ವಾ?"

ಗೋಡೆಯ ಮೇಲಿನ ಫೋಟೋ, ಅದಕ್ಕೆ ಹಾಕಿದ ಹಾರ ನೋಡಿ ಅಲ್ಲೇ ಕುಸಿದು ಕೂತರು. ನಾನು ಎಲ್ಲ ಹೇಳಿದೆ. ಉಬ್ಬಸ, ವರ್ಗ, ಅವಳ ಹಾಳೆ, ಪ್ರವಾಸಿ ಮಂದಿರ. ಒಂದನ್ನೂ ಬಿಡಲಿಲ್ಲ.

"ಅಲ್ರೀ, ಒಂದು ಮಾತು ಹೇಳಬಾರದಾಗಿತ್ತಾ?" ಎಂದರು. ಆಮೇಲೆ ನೆಲ ನೋಡುತ್ತಾ, "ಅವತ್ತು ನೀವು ಬರೋಕೆ ಮುಂಚೆನೇ ಆರೇಳು ಮೇಷ್ಟ್ರ ವರ್ಗಕ್ಕೆ ಹೇಳಿ ಕಳಿಸಿದ್ದೆ. ಕೇಳಿದೋರಿಗೆಲ್ಲ ಮಾಡಿಕೊಡ್ತಿದ್ದೆ. ಆ ನಿಯಮ ಎಲ್ಲ ನಾನು ಬಿಟ್ಟು ಎಷ್ಟೋ ಕಾಲ ಆಗಿತ್ತು. ನೀವಿನ್ನೂ ಹಿಡ್ಕಂಡು ಕೂತಿದೀರಿ ಅಂತ ನನಗೇನು ಗೊತ್ತು?" ಎಂದರು.

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಹಿಡಿದುಕೊಂಡು ಕೂತದ್ದು ನಿಯಮವನ್ನೋ, ಆ ಅಂಗಳದಲ್ಲಿ ಸಿಕ್ಕ ಹೊಗಳಿಕೆಯನ್ನೋ ಎಂಬುದು ನನಗೆ ಗೊತ್ತಿತ್ತು.

"ಆ ಹಾಳೆ ಕೊಡ್ರಿ" ಎಂದರು. ಶಾಲೆಯ ಟ್ರಂಕಿನಿಂದ ತಂದು ಕೊಟ್ಟೆ. ಅವರು ಹಳೆಯ ರೂಢಿಯಂತೆ ಗಟ್ಟಿಯಾಗಿಯೇ ಓದಿದರು; ಅದರಲ್ಲಿ ಏನಿದೆ ಎಂದು ನನಗೆ ತಿಳಿದದ್ದು ಆಗಲೇ. ಇದ್ದದ್ದು ನಾಲ್ಕೇ ಸಾಲು. ನನಗೆ ಉಬ್ಬಸ ಇರುತ್ತದೆ. ನಮ್ಮವರಿಗೆ ನ್ಯಾಮತಿ ಕಡೆ ವರ್ಗ ಮಾಡಿಸಬೇಕಾಗಿ ಬೇಡಿಕೆ. ಆದರೆ ಈ ಶಾಲೆಗೆ ಬೇರೆ ಮೇಷ್ಟ್ರು ಬಂದ ಮೇಲೆಯೇ ನಮ್ಮನ್ನು ಕಳಿಸಬೇಕು. ಅಲ್ಲಿಯ ತನಕ ನಾನು ತಡೆದುಕೊಳ್ಳುತ್ತೇನೆ, ಮಕ್ಕಳ ಓದು ನಿಲ್ಲಬಾರದು.

ಅವರ ಕೈ ಜೇಬಿನ ಪೆನ್ನಿಗೆ ಹೋಯಿತು. ಯಾವ ಕಾಗದ ಕೈಗೆ ಬಂದರೂ ಮೇಲೆ ಒಂದು ಸಹಿ ಹಾಕುವ ಅಭ್ಯಾಸ ಅಷ್ಟು ವರ್ಷದಲ್ಲಿ ಆಗಿತ್ತು. ಕ್ಯಾಪು ಬಿಚ್ಚಿದರು, ಹಾಳೆಯ ಮೂಲೆಗೆ ನಿಬ್ಬು ತಂದರು. ಆಗ ಎಚ್ಚರವಾಯಿತು. ನನ್ನ ಮುಖ ನೋಡಿದರು, ನಿಧಾನಕ್ಕೆ ಕ್ಯಾಪು ಹಾಕಿಟ್ಟರು.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿರುವುದು ಅವಳ ಸಹಿ ಒಂದೇ.